ವ್ಯಾಯಾಮಶಾಸ್ತ್ರದ ವಿದ್ಯಾರ್ಥಿಗಳಿಗೆ ಮೂಲವಿಜ್ಞಾನಗಳನ್ನು ಬೋಧಿಸತಕ್ಕವರು ಯಾರು?

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯಲ್ಲಿ ವ್ಯಾಯಾಮಶಿಕ್ಷಣದ ಪ್ರಾಧ್ಯಾಪಕರಾಗಿದ್ದ ಫ್ರಾಂಕ್ಲಿನ್ ಹೆನ್ರಿಯವರು 1964ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಗಾತ್ರದಲ್ಲಿ ಕಿರಿದು, ಪರಿಣಾಮದಲ್ಲಿ ಹಿರಿದು. ವ್ಯಾಯಾಮಶಿಕ್ಷಣವೆಂಬುದು ಒಂದು ವೃತ್ತಿಯ ತರಬೇತಿ ಮಾತ್ರವಲ್ಲ, ಅದಕ್ಕೆ ತಳಹದಿಯಾಗಿ ಸ್ವತಂತ್ರವಾದ ಒಂದು ಶಾಸ್ತ್ರವಿದೆ ಎಂಬುದೇ ಅದರ ಪ್ರತಿಜ್ಞೆ. ಅಲ್ಲಿಂದೀಚೆಗೆ ಕ್ರೀಡಾವಿಜ್ಞಾನವೆಂಬ ಹೆಸರಿನಿಂದ ಏರ್ಪಟ್ಟ ಪಾಠಕ್ರಮಗಳನ್ನು ಸಮರ್ಥಿಸುವವರು ಈ ಪ್ರಬಂಧವನ್ನು ಆಪ್ತವಾಕ್ಯದಂತೆ ಎತ್ತಿ ಹೇಳುವುದು ವಾಡಿಕೆಯಾಗಿದೆ. ಆ ಗೌರವಕ್ಕೆ ಅದು ಬಹುಮಟ್ಟಿಗೆ ಅರ್ಹವೂ ಆಗಿದೆ. ಆದರೆ ಆಪ್ತವಾಕ್ಯವೆಂದು ಕೈಮುಗಿದು ಬಿಟ್ಟುದರಿಂದ ಅದರಲ್ಲಿರುವ ಒಂದು ಕೊರತೆ ವಿಮರ್ಶಕರ ಕಣ್ಣಿಗೆ ಬೀಳದೆ ಉಳಿದಿದೆ. ಈ ಶಾಸ್ತ್ರದಲ್ಲಿ ಏನನ್ನು ಕಲಿಯಬೇಕು ಎಂಬುದನ್ನು ಹೆನ್ರಿಯವರು ಚೆನ್ನಾಗಿ ನಿರೂಪಿಸಿದರು. ಮೊದಲ ವರ್ಷದ ತರಗತಿಯಲ್ಲಿ ಶರೀರಶಾಸ್ತ್ರವನ್ನೂ ಬಲವಿಜ್ಞಾನವನ್ನೂ ರಸಾಯನಶಾಸ್ತ್ರವನ್ನೂ ಯಾರು ನಿಂತು ಹೇಳಬೇಕು ಎಂಬ ಪ್ರಶ್ನೆಯನ್ನು ಬಿಡಿಸದೆ ಹೋದರು. ಈ ಮೌನ ಸಣ್ಣದೆಂದು ಕಾಣಬಹುದು. ಅದರ ಫಲ ಸಣ್ಣದಾಗಲಿಲ್ಲ.

ಪ್ರಬಂಧದ ಹಿನ್ನೆಲೆಯನ್ನರಿಯದೆ ಅದರ ಧಾಟಿಯನ್ನು ತಿಳಿಯುವಂತಿಲ್ಲ. ಅದಕ್ಕೆ ಹಿಂದಿನ ವರ್ಷ, ಎಂದರೆ 1963ರಲ್ಲಿ, ಜೇಮ್ಸ್ ಕಾನಂಟರು ಅಮೆರಿಕೆಯ ಉಪಾಧ್ಯಾಯರ ಶಿಕ್ಷಣವನ್ನು ಕುರಿತು ಒಂದು ಗ್ರಂಥವನ್ನು ಹೊರತಂದರು. ಕಾನಂಟರು ರಸಾಯನಶಾಸ್ತ್ರಜ್ಞರು, 1933ರಿಂದ 1953ರ ವರೆಗೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದವರು. ವ್ಯಾಯಾಮಶಿಕ್ಷಣದಲ್ಲಿ ಸ್ನಾತಕೋತ್ತರ ತರಗತಿಗಳನ್ನು ನಡೆಸುವುದೇ ವ್ಯರ್ಥವೆಂದೂ ಅವುಗಳನ್ನು ತೆಗೆದುಹಾಕುವುದು ಲೇಸೆಂದೂ ಅವರು ಕಟುವಾಗಿ ಬರೆದರು. ವ್ಯಾಯಾಮೋಪಾಧ್ಯಾಯನೊಬ್ಬನು ಶ್ರಮದ ಶರೀರಶಾಸ್ತ್ರದಲ್ಲಿ ಸಂಶೋಧನೆ ಮಾಡಬಯಸಿದರೆ, ಪ್ರಕೃತಿವಿಜ್ಞಾನದ ಅಸ್ತಿಭಾರವನ್ನು ಹಾಕಿಕೊಂಡು, ಆ ಶಾಸ್ತ್ರದ ಶ್ರೇಷ್ಠ ಸಂಶೋಧಕರ ಸರಿಸಮಾನವಾಗಿ ನಿಲ್ಲುವಷ್ಟು ವಿದ್ಯೆಯನ್ನು ಸಂಪಾದಿಸಲಿ ಎಂಬುದು ಅವರ ಸೂಚನೆ. ಮಾತು ಕಟುವಾದರೂ ಸೂಚನೆ ತಪ್ಪಾದುದಲ್ಲ. ಕಾನಂಟರ ಅಧ್ಯಕ್ಷತೆಯ ಕಾಲದಲ್ಲಿಯೇ, 1947ರಲ್ಲಿ, ಹಾರ್ವರ್ಡಿನ ಆಯಾಸ ಸಂಶೋಧನಾಲಯವು ಮುಚ್ಚಿಹೋಯಿತೆಂಬುದನ್ನು ಮಾತ್ರ ಇಲ್ಲಿ ನೆನೆಯಬೇಕು. ಶ್ರಮದ ಶರೀರಶಾಸ್ತ್ರದ ಶ್ರೇಷ್ಠ ಸಂಶೋಧಕರು ಅಮೆರಿಕೆಯಲ್ಲಿ ಒಂದೆಡೆ ಕಲೆತಿದ್ದ ಸ್ಥಳವೆಂದರೆ ಅದೇ.

ಹೆನ್ರಿಯವರ ಪ್ರಬಂಧವು ಈ ಆಕ್ಷೇಪಕ್ಕೆ ನೇರವಾದ ಉತ್ತರವೆಂದು ಓದುಗರು ಗ್ರಹಿಸಿದರು. ಅವರ ವಾದಸರಣಿ ಹೀಗೆ: ಶರೀರಶಾಸ್ತ್ರ, ಅಂಗರಚನಾಶಾಸ್ತ್ರ, ಭೌತಶಾಸ್ತ್ರ, ಮನಶ್ಶಾಸ್ತ್ರ, ಇತಿಹಾಸ, ಸಮಾಜಶಾಸ್ತ್ರ ಮೊದಲಾದವುಗಳಲ್ಲಿ ಮನುಷ್ಯನ ಚಲನೆಗೆ ಸಂಬಂಧಪಟ್ಟ ಭಾಗಗಳಿವೆ. ಆಯಾ ಶಾಸ್ತ್ರಜ್ಞರಿಗೆ ಅವು ಅಂಚಿನ ವಿಷಯಗಳು. ಆ ಅಂಚುಗಳನ್ನೆಲ್ಲ ಕೂಡಿಸಿ, ಚಲಿಸುವ ಮನುಷ್ಯನನ್ನೇ ನಡುವೆ ಇಟ್ಟುಕೊಂಡು ಅಭ್ಯಾಸಮಾಡಿದರೆ, ಇತರ ಶಾಸ್ತ್ರಗಳನ್ನು ಅಡ್ಡಲಾಗಿ ಹಾಯುವ ಹೊಸದೊಂದು ಶಾಸ್ತ್ರವಾಗುತ್ತದೆ. ಇದು ಇತರ ಶಾಸ್ತ್ರಗಳ ಅನ್ವಯ ಮಾತ್ರವಲ್ಲ; ಅವುಗಳ ಕೆಲವು ಭಾಗಗಳ ಸ್ವತಂತ್ರವಾದ ವ್ಯಾಸಂಗ. ಹೆನ್ರಿಯವರಿಗೆ ಹೀಗೆ ಹೇಳುವ ಅಧಿಕಾರವೂ ಇದ್ದಿತು. ಅವರು 1938ರಲ್ಲಿ ಬರ್ಕ್ಲಿಯಲ್ಲಿಯೇ ಮನಶ್ಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದವರು. ಮಾಡಬೇಕಾದ ಚಲನೆ ಜಟಿಲವಾದಷ್ಟೂ ಅದನ್ನು ತೊಡಗುವುದಕ್ಕೆ ಮುಂಚೆ ಹಿಡಿಯುವ ಕಾಲವು ಹೆಚ್ಚುವುದೆಂದು 1960ರಲ್ಲಿ ರಾಜರ್ಸರೊಡನೆ ಪ್ರಯೋಗದಿಂದ ತೋರಿಸಿಕೊಟ್ಟವರು. ತಾಯಿಶಾಸ್ತ್ರವೊಂದರಲ್ಲಿ ಪಳಗಿ, ಆಮೇಲೆ ವ್ಯಾಯಾಮಶಿಕ್ಷಣದ ಮನೆಗೆ ಬಂದು ನೆಲಸಿದವರು ಅವರು. ತಮ್ಮ ಪ್ರಶ್ನೆಗೆ ಉತ್ತರ ತಮ್ಮ ಜೀವನಕ್ರಮದಲ್ಲಿಯೇ ಇದ್ದಿತೆಂಬುದನ್ನು ಅವರು ಗಮನಿಸದೆ ಹೋದುದು ವಿಚಿತ್ರವಾಗಿದೆ.

ಈ ಪ್ರಶ್ನೆ ಆಡಳಿತಗಾರರ ಅನುಕೂಲಕ್ಕೆ ಸಂಬಂಧಿಸಿದ್ದು, ಶಾಸ್ತ್ರಕ್ಕೆ ಸಂಬಂಧಿಸಿದ್ದಲ್ಲ ಎಂದು ಹೇಳುವವರುಂಟು. ಒಂದೆರಡು ಪಾಠಗಳನ್ನು ತೆಗೆದುಕೊಂಡು ನೋಡಿದರೆ ಹಾಗಲ್ಲವೆಂಬುದು ವಿಶದವಾಗುತ್ತದೆ. ರಕ್ತಪರಿಚಲನೆಯ ಪಾಠವನ್ನೇ ತೆಗೆದುಕೊಳ್ಳೋಣ. ಸುಮ್ಮನೆ ಕುಳಿತಿರುವ ಮನುಷ್ಯನ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ; ಅದರಲ್ಲಿ ಐದರಲ್ಲೊಂದು ಭಾಗದಷ್ಟು ಮಾಂಸಖಂಡಗಳಿಗೂ ಅಷ್ಟೇ ಭಾಗ ಮೂತ್ರಪಿಂಡಗಳಿಗೂ ಹೋಗುತ್ತದೆ. ಚೆನ್ನಾಗಿ ಸಾಧನೆಮಾಡಿದ ಓಟಗಾರನು ತನ್ನ ಶಕ್ತಿಯೆಲ್ಲವನ್ನೂ ಹಾಕಿ ಓಡುವಾಗ ಅದೇ ಹೃದಯವು 30 ಲೀಟರಿಗೂ ಮೀರಿ ತಳ್ಳಬಲ್ಲದು. ಆಗ ಐದರಲ್ಲಿ ನಾಲ್ಕು ಭಾಗಕ್ಕೂ ಹೆಚ್ಚು ಮಾಂಸಖಂಡಗಳ ಪಾಲಾಗುತ್ತದೆ. ವೈದ್ಯರನ್ನೂ ದಾದಿಯರನ್ನೂ ತಯಾರುಮಾಡುವ ಶರೀರಶಾಸ್ತ್ರವು ಮೊದಲನೆಯ ಚಿತ್ರವನ್ನು ವಿಸ್ತಾರವಾಗಿ ಬರೆಯುತ್ತದೆ. ಎರಡನೆಯದನ್ನು ಒಂದು ಸಣ್ಣ ಅಧ್ಯಾಯದಲ್ಲಿ ಮುಗಿಸುತ್ತದೆ. ಅದರ ಗುರಿ ರೋಗಿಯ ಹಾಸಿಗೆಯಾದುದರಿಂದ ಅದು ತಪ್ಪೂ ಅಲ್ಲ. ಆದರೆ ವ್ಯಾಯಾಮಶಾಸ್ತ್ರದ ವಿದ್ಯಾರ್ಥಿಯನ್ನು ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಿದರೆ ಅವನು ಕಲಿತು ಬರುವುದು ವಿಶ್ರಾಂತಿಯಲ್ಲಿರುವ ಶರೀರವನ್ನು. ಅವನು ಮುಂದೆ ನೋಡಿಕೊಳ್ಳಬೇಕಾದುದೋ ಓಡುವ ಶರೀರ.

ಹಾಗಾದರೆ ವ್ಯಾಯಾಮವಿಭಾಗದವರೇ ಕಲಿಸಲಿ ಎಂದು ತೀರ್ಮಾನಿಸುವುದು ಸುಲಭ. ಇಲ್ಲಿ ಇನ್ನೊಂದು ತೊಡಕಿದೆ. 1870ರಲ್ಲಿ ಅಡಾಲ್ಫ್ ಫಿಕ್ ಎಂಬ ಜರ್ಮನ್ ಶರೀರಶಾಸ್ತ್ರಜ್ಞರು ಒಂದು ಸೂತ್ರವನ್ನು ಕೊಟ್ಟರು: ಶರೀರವು ಬಳಸಿಕೊಳ್ಳುವ ಆಮ್ಲಜನಕವು, ಹರಿಯುವ ರಕ್ತದ ಪರಿಮಾಣವನ್ನು, ಹೋಗುವ ರಕ್ತಕ್ಕೂ ಹಿಂದಿರುಗುವ ರಕ್ತಕ್ಕೂ ಇರುವ ಆಮ್ಲಜನಕದ ವ್ಯತ್ಯಾಸದಿಂದ ಗುಣಿಸಿದಷ್ಟು. ವಿಶ್ರಾಂತಿಯಲ್ಲಿ 5 ಲೀಟರನ್ನು ಲೀಟರಿಗೆ 50 ಮಿಲಿಲೀಟರಿನಂತೆ ಗುಣಿಸಿದರೆ 250. ಪೂರ್ಣಶ್ರಮದಲ್ಲಿ 30 ಲೀಟರನ್ನು 160ರಿಂದ ಗುಣಿಸಿದರೆ 4,800. ಸೂತ್ರವನ್ನು ಬಲ್ಲವನಿಗೆ ಎರಡು ಲೆಕ್ಕಗಳೂ ಒಂದೇ ವಿಷಯದ ಎರಡು ಮುಖಗಳು. ಸಾಧನೆಯಿಂದ ಯಾವುದು ಹೆಚ್ಚುತ್ತದೆ, ಎತ್ತರದ ಬೆಟ್ಟದ ಮೇಲೆ ಯಾವುದು ಕುಗ್ಗುತ್ತದೆ ಎಂಬುದನ್ನು ತಾನೇ ಯೋಚಿಸಬಲ್ಲನು. ಸೂತ್ರವನ್ನರಿಯದೆ ಓಟಗಾರರ ಅಂಕಿಗಳನ್ನು ಮಾತ್ರ ಬಾಯಿಪಾಠಮಾಡಿದವನಿಗೆ ಅವು ಪಂಚಾಂಗದ ಅಂಕಿಗಳಂತೆ. ಹೊರಗಿನಿಂದ ಬಂದ ಉಪಾಧ್ಯಾಯರು ಸೂತ್ರವನ್ನು ಮೊದಲನೆಯ ಲೆಕ್ಕದೊಡನೆ ಕೊಟ್ಟು ಹೋಗುತ್ತಾರೆ. ಮನೆಯ ಉಪಾಧ್ಯಾಯರು ಎರಡನೆಯ ಲೆಕ್ಕವನ್ನು ಸೂತ್ರವಿಲ್ಲದೆ ಕೊಡುವ ಅಪಾಯವಿದೆ.

ಬಲವಿಜ್ಞಾನದಲ್ಲಿಯೂ ಸ್ಥಿತಿ ಹೀಗೆಯೇ. ಎಸೆದ ವಸ್ತು ಅತಿ ದೂರ ಹೋಗಬೇಕಾದರೆ 45 ಡಿಗ್ರಿಯ ಕೋನದಲ್ಲಿ ಎಸೆಯಬೇಕೆಂದು ಭೌತಶಾಸ್ತ್ರದ ಉಪಾಧ್ಯಾಯರು ಕಲಿಸುತ್ತಾರೆ. ಲೋಹದ ಗುಂಡನ್ನೆಸೆಯುವ ನುರಿತ ಆಟಗಾರರಾದರೋ ಸಾಮಾನ್ಯವಾಗಿ 35ರಿಂದ 37 ಡಿಗ್ರಿಗಳ ಸುತ್ತಮುತ್ತ ಎಸೆಯುತ್ತಾರೆ. ಸೂತ್ರ ಸುಳ್ಳೆ, ಆಟಗಾರ ತಪ್ಪೆ? ಎರಡೂ ಅಲ್ಲ. ಗುಂಡು ಕೈಬಿಡುವುದು ನೆಲದಿಂದ ಎರಡು ಮೀಟರಿಗೂ ಹೆಚ್ಚು ಎತ್ತರದಲ್ಲಿ. ಬೀಳುವುದು ನೆಲದ ಮೇಲೆ. ಅಷ್ಟನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕೋನವು 42 ಡಿಗ್ರಿಗೆ ಇಳಿಯುತ್ತದೆ. ಇದು ಭೌತಶಾಸ್ತ್ರಜ್ಞರಿಗೆ ತಿಳಿದ ಲೆಕ್ಕವೇ. ಉಳಿದ ಐದಾರು ಡಿಗ್ರಿಗಳ ಕಾರಣ ಭೌತಶಾಸ್ತ್ರದ ಪುಸ್ತಕದಲ್ಲಿಲ್ಲ; ಮನುಷ್ಯನ ತೋಳಿನಲ್ಲಿದೆ. ಮೇಲಕ್ಕೆ ತಳ್ಳಿದಷ್ಟೂ ಗುಂಡಿಗೆ ಕೊಡಬಹುದಾದ ವೇಗ ಕಡಿಮೆಯಾಗುತ್ತದೆ. ಎಲ್ಲಾ ಕೋನಗಳಲ್ಲಿಯೂ ಒಂದೇ ವೇಗದಿಂದ ಎಸೆಯುವ ಫಿರಂಗಿಯಲ್ಲ ಮನುಷ್ಯ. 45 ಎಂದು ಹೇಳಿ ನಿಲ್ಲಿಸುವ ಪಾಠ ನಿಜ, ಆದರೆ ನಿರುಪಯುಕ್ತ. 37 ಎಂದು ಹೇಳಿ ನಿಲ್ಲಿಸುವ ಪಾಠ ಉಪಯುಕ್ತ, ಆದರೆ ವಿದ್ಯೆಯಲ್ಲ. 45ರಿಂದ 37ರ ವರೆಗಿನ ದಾರಿಯನ್ನು ವಿದ್ಯಾರ್ಥಿಯೊಡನೆ ನಡೆದು ತೋರಿಸುವವನೇ ಇಲ್ಲಿ ಬೇಕಾದ ಉಪಾಧ್ಯಾಯ.

ತಾಯಿಶಾಸ್ತ್ರದ ಸಂಪರ್ಕ ಕಡಿದುಹೋದರೆ ಏನಾಗುವುದೆಂಬುದಕ್ಕೆ ಲ್ಯಾಕ್ಟಿಕ್ ಆಮ್ಲದ ಕಥೆಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಇಂಗ್ಲೆಂಡಿನ ಎ. ವಿ. ಹಿಲ್ ಅವರು ಗಣಿತಶಾಸ್ತ್ರದಿಂದ ಶರೀರಶಾಸ್ತ್ರಕ್ಕೆ ಬಂದವರು, ಸ್ವತಃ ಓಟಗಾರರು, ಮಾಂಸಖಂಡಗಳ ಕೆಲಸವನ್ನು ಕುರಿತ ಸಂಶೋಧನೆಗಾಗಿ ಮೈಯರ್‌ಹೋಫ್ ಅವರೊಡನೆ 1922ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಮಾಂಸಖಂಡವು ಸಂಕೋಚಗೊಳ್ಳುವುದಕ್ಕೆ ಲ್ಯಾಕ್ಟಿಕ್ ಆಮ್ಲವು ಅತ್ಯವಶ್ಯಕವೆಂಬುದೂ, ಓಟ ನಿಂತ ಮೇಲೆ ಶರೀರವು ಹೆಚ್ಚಾಗಿ ಸೇವಿಸುವ ಆಮ್ಲಜನಕವು ಆ ಆಮ್ಲದ ಸಾಲವನ್ನು ತೀರಿಸುವುದಕ್ಕೆಂಬುದೂ ಅವರ ಕಾಲದ ಸಿದ್ಧಾಂತ. 1930ರಲ್ಲಿ ಡೆನ್ಮಾರ್ಕಿನ ಐನಾರ್ ಲುಂಡ್ಸ್‌ಗಾರ್ಡರು ಲ್ಯಾಕ್ಟಿಕ್ ಆಮ್ಲವು ಹುಟ್ಟದಂತೆ ತಡೆದ ಮಾಂಸಖಂಡವೂ ಕೆಲಕಾಲ ಸಂಕೋಚಗೊಳ್ಳುವುದೆಂದು ತೋರಿಸಿದರು. ಹಿಲ್ ಅವರು ತಮ್ಮ ಸಿದ್ಧಾಂತಕ್ಕೆ ಅಂಟಿಕೊಳ್ಳದೆ, 1932ರಲ್ಲಿ ಇದನ್ನು ಮಾಂಸಖಂಡಶಾಸ್ತ್ರದ ಕ್ರಾಂತಿಯೆಂದೇ ಕರೆದು ಒಪ್ಪಿಕೊಂಡರು. ಮರುವರ್ಷವೇ ಹಾರ್ವರ್ಡಿನ ಆಯಾಸ ಸಂಶೋಧನಾಲಯದಲ್ಲಿ ಮಾರ್ಗಾರಿಯ, ಎಡ್ವರ್ಡ್ಸ್, ಡಿಲ್ ಎಂಬ ಮೂವರು ಆಮ್ಲಜನಕದ ಸಾಲವೆಲ್ಲವೂ ಲ್ಯಾಕ್ಟಿಕ್ ಆಮ್ಲಕ್ಕೆ ಸೇರಿದ್ದಲ್ಲವೆಂದು ಸ್ಥಾಪಿಸಿದರು.

ಶಾಸ್ತ್ರದ ಕಥೆ ಇಲ್ಲಿಗೆ ಹೊಸ ಮಜಲನ್ನು ಸೇರಿತು. ಕ್ರೀಡಾಂಗಣದ ಕಥೆ ಹಾಗಾಗಲಿಲ್ಲ. ದಣಿವಿಗೂ ಲ್ಯಾಕ್ಟಿಕ್ ಆಮ್ಲವೇ ಕಾರಣ, ಮಾರನೆಯ ದಿನದ ಮೈನೋವಿಗೂ ಅದೇ ಕಾರಣ ಎಂಬ ನುಡಿ ತರಬೇತುದಾರರ ಬಾಯಿಂದ ಬಾಯಿಗೆ ದಶಕಗಳ ಕಾಲ ಸಾಗಿಬಂದಿತು, ಇಂದಿಗೂ ಅಳಿದಿಲ್ಲ. ಶ್ರಮ ನಿಂತ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ಅದರ ಪ್ರಮಾಣ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ನೋವು ಕಾಣಿಸಿಕೊಳ್ಳುವುದು ಒಂದೆರಡು ದಿನದ ಮೇಲೆ. ಇಳಿಜಾರಿನಲ್ಲಿ ಓಡಿದವನಿಗೆ ಆಮ್ಲ ಕಡಿಮೆ, ನೋವು ಹೆಚ್ಚು. ಇಷ್ಟನ್ನು ಹೊಂದಿಸಿ ನೋಡುವುದಕ್ಕೆ ದೊಡ್ಡ ಪ್ರಯೋಗಶಾಲೆಯೇನೂ ಬೇಡ. ಹೇಳಿಕೆಯೊಂದನ್ನು ಪರೀಕ್ಷಿಸಿ ನೋಡುವ ಅಭ್ಯಾಸ ಬೇಕು. ಮೊದಲ ವರ್ಷದ ಮೂಲವಿಜ್ಞಾನದ ಪಾಠದಿಂದ ಬರಬೇಕಾದುದು ಆ ಅಭ್ಯಾಸವೇ. ಮೂಲಶಾಸ್ತ್ರದ ಪ್ರವಾಹದಲ್ಲಿ ಕಾಲಿಡದೆ ಪಠ್ಯಪುಸ್ತಕವೊಂದನ್ನೇ ಹಿಡಿದು ಕುಳಿತ ಉಪಾಧ್ಯಾಯನು, ಕರ್ತೃವೇ ಕೈಬಿಟ್ಟ ಸಿದ್ಧಾಂತವನ್ನು ತನ್ನ ಶಿಷ್ಯರಿಗೆ ಒಪ್ಪಿಸಿಹೋಗುತ್ತಾನೆ.

ಇಷ್ಟರಿಂದ ಕಾನಂಟರ ಪಕ್ಷವೇ ಗೆದ್ದಿತೆಂದು ಭಾವಿಸಿದರೆ, ಅದೇ ಆಮ್ಲದ ಕಥೆಯ ಉತ್ತರಾರ್ಧವು ಅಡ್ಡಬರುತ್ತದೆ. ಲ್ಯಾಕ್ಟೇಟು ಕಸವಲ್ಲ, ಒಂದು ಮಾಂಸಖಂಡದಲ್ಲಿ ಹುಟ್ಟಿ ರಕ್ತದ ಮೂಲಕ ಇನ್ನೊಂದು ಮಾಂಸಖಂಡಕ್ಕೂ ಹೃದಯಕ್ಕೂ ಹೋಗಿ ಅಲ್ಲಿ ಇಂಧನವಾಗಿ ಉರಿಯುತ್ತದೆ ಎಂಬ ಸಿದ್ಧಾಂತವನ್ನು 1980ರ ದಶಕದ ಮಧ್ಯದಲ್ಲಿ ಮಂಡಿಸಿದವರು ಜಾರ್ಜ್ ಬ್ರೂಕ್ಸರು. ಅವರು 1971ರಿಂದ ಉಪಾಧ್ಯಾಯರಾಗಿದ್ದುದು ವೈದ್ಯಕೀಯ ವಿಭಾಗದಲ್ಲಲ್ಲ, ರಸಾಯನಶಾಸ್ತ್ರದ ವಿಭಾಗದಲ್ಲಲ್ಲ. ಬರ್ಕ್ಲಿಯ ವ್ಯಾಯಾಮಶಿಕ್ಷಣದ ವಿಭಾಗದಲ್ಲಿ, ಎಂದರೆ ಹೆನ್ರಿಯವರ ಮನೆಯಲ್ಲಿಯೇ. ಶರೀರಶಾಸ್ತ್ರದ ಸಾಮಾನ್ಯ ಪುಸ್ತಕಗಳು ಅಂಚಿಗೆ ತಳ್ಳಿದ್ದ ವಿಷಯವನ್ನು ನಡುವಿಗೆ ತಂದು ನೋಡಿದುದರಿಂದಲೇ ಆ ಪ್ರಶ್ನೆ ಹುಟ್ಟಿತು. ಹೆನ್ರಿಯವರ ಪ್ರತಿಜ್ಞೆಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರವನ್ನು ಸಂಪಾದಿಸಿದುದು ವಿಕಿರಣಶೀಲ ಇಂಗಾಲದ ಜಾಡನ್ನು ಹಿಡಿಯುವ ಕ್ರಮದಿಂದ. ಅದು ಜೀವರಸಾಯನಶಾಸ್ತ್ರದ ಸಲಕರಣೆ. ಪ್ರಶ್ನೆ ಮನೆಯದು, ಉಪಕರಣ ತಾಯಿಮನೆಯದು.

ಆಯಾಸ ಸಂಶೋಧನಾಲಯವನ್ನು ಮೇಲೆ ಎರಡು ಬಾರಿ ಹೆಸರಿಸಿದೆ. 1927ರಲ್ಲಿ ಹಾರ್ವರ್ಡಿನ ವಾಣಿಜ್ಯಶಾಲೆಯ ನೆಲಮಾಳಿಗೆಯಲ್ಲಿ ಅದು ಏರ್ಪಟ್ಟಿತು. ಲಾರೆನ್ಸ್ ಹೆಂಡರ್ಸನ್, ಡೇವಿಡ್ ಬ್ರೂಸ್ ಡಿಲ್ ಮೊದಲಾದ ರಸಾಯನಶಾಸ್ತ್ರಪರಿಣತರು ಅಲ್ಲಿ ದೂರದ ಓಟಗಾರರನ್ನು ಪರೀಕ್ಷಿಸಿದರು. 1935ರಲ್ಲಿ ಚಿಲಿ ದೇಶದ ಎತ್ತರದ ಪ್ರದೇಶಗಳಿಗೂ ಹೋಗಿಬಂದರು. ಕೆಲಸ ಅತ್ಯುತ್ತಮವಾದುದು. ಆದರೆ ವ್ಯಾಯಾಮಶಿಕ್ಷಣದ ವಿದ್ಯಾರ್ಥಿಗಳಿಗೆ ಮೊದಲ ಪಾಠವನ್ನು ಹೇಳುವ ಹೊಣೆ ಅದಕ್ಕಿರಲಿಲ್ಲ.

ಈ ಹೊಣೆಯನ್ನು ಹೊತ್ತವರು ಸ್ಕಾಂಡಿನೇವಿಯದವರು. ಹೆನ್ರಿಯವರ ಪ್ರಬಂಧಕ್ಕೆ ಅರ್ಧ ಶತಮಾನ ಮುಂಚೆಯೇ ಅವರು ಈ ಪ್ರಶ್ನೆಯನ್ನು ಬರೆಹದಲ್ಲಿ ಅಲ್ಲದಿದ್ದರೂ ನೇಮಕದಲ್ಲಿ ಬಿಡಿಸಿದ್ದರು. 1909ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯವು ವ್ಯಾಯಾಮದ ವಿದ್ಯಾರ್ಥಿಗಳಿಗೆ ಶರೀರಶಾಸ್ತ್ರಾದಿಗಳನ್ನು ಬೋಧಿಸುವುದಕ್ಕೆ ಯೋಹಾನೆಸ್ ಲಿಂಡ್‌ಹಾರ್ಡರನ್ನು ನೇಮಿಸಿತು. ಅವರು ವೈದ್ಯರು, ಆಗಸ್ಟ್ ಕ್ರೋಗ್ ಅವರ ಜೊತೆಗಾರರು. ಶ್ರಮ ತೊಡಗಿದ ಕ್ಷಣದಲ್ಲಿ ಉಸಿರಾಟವೂ ರಕ್ತಚಲನೆಯೂ ಹೇಗೆ ಬದಲಾಗುವುವೆಂಬುದನ್ನು ಕುರಿತು ಇಬ್ಬರೂ ಕೂಡಿ 1913ರಲ್ಲಿ ಬರೆದ ಲೇಖನ ಇಂದಿಗೂ ಗಣ್ಯವಾಗಿದೆ. ಬೆಳಗ್ಗೆ ವ್ಯಾಯಾಮದ ವಿದ್ಯಾರ್ಥಿಗಳಿಗೆ ಪಾಠ, ಮಧ್ಯಾಹ್ನ ಕ್ರೋಗರೊಡನೆ ಪ್ರಯೋಗ ಎಂಬಂತಹ ಬಾಳು ಅದು. ಅವರ ಶಿಷ್ಯರಲ್ಲೊಬ್ಬರಾದ ಎರಿಕ್ ಹೊಹ್ವು ಕ್ರಿಸ್ಟೆನ್ಸನ್ನರು 1941ರಲ್ಲಿ ಸ್ಟಾಕ್‌ಹೋಮಿನ ಕೇಂದ್ರ ವ್ಯಾಯಾಮಶಾಲೆಗೆ ಶರೀರಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದರು.

ಆ ವ್ಯಾಯಾಮಶಾಲೆಯನ್ನು 1813ರಲ್ಲಿ ಸ್ಥಾಪಿಸಿದ ಪೇರ್ ಹೆನ್ರಿಕ್ ಲಿಂಗ್ ಎಂಬಾತ ಕತ್ತಿವರಸೆಯ ಗುರು, ಕವಿಯೂ ಹೌದು, 1835ರಲ್ಲಿ ಸ್ವೀಡನ್ನಿನ ಸಾಹಿತ್ಯ ಅಕಾಡೆಮಿಗೆ ಆರಿಸಿಬಂದವನು. ಕವಿಯು ಕಟ್ಟಿದ ಸಂಸ್ಥೆಯಲ್ಲಿ ಅವನ ಪದ್ಧತಿಯು ಬಹುಕಾಲ ಶ್ರದ್ಧೆಯ ವಸ್ತುವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಅಂತಹ ಮನೆಯೊಳಗೆ ಅಳೆದು ನೋಡುವವನೊಬ್ಬನನ್ನು ಕರೆದು ಪೀಠದಲ್ಲಿ ಕೂರಿಸಿದುದೇ ದೊಡ್ಡ ಸಂಗತಿ. ಫಲ ಬೇಗನೆ ಕಂಡಿತು. ಅದೇ ಶಾಲೆಯಲ್ಲಿ ವ್ಯಾಯಾಮೋಪಾಧ್ಯಾಯನಾಗಲು ಓದುತ್ತಿದ್ದ ಪೇರ್ ಊಲಾಫ್ ಆಸ್ಟ್ರಾಂಡ್ ಎಂಬ ವಿದ್ಯಾರ್ಥಿ ಕ್ರಿಸ್ಟೆನ್ಸನ್ನರ ಕೈಕೆಳಗೆ ಪಳಗಿ, ವೈದ್ಯವಿದ್ಯೆಯನ್ನೂ ಕಲಿತು, ವಯಸ್ಸಿಗೂ ಸ್ತ್ರೀಪುರುಷಭೇದಕ್ಕೂ ಅನುಸಾರವಾಗಿ ದುಡಿಯುವ ಶಕ್ತಿ ಹೇಗೆ ಬದಲಾಗುವುದೆಂಬುದನ್ನು ಕುರಿತ ಪ್ರಬಂಧವನ್ನು 1952ರಲ್ಲಿ ಒಪ್ಪಿಸಿದನು. ರೊಡಾಲ್ ಅವರೊಡನೆ ಆಸ್ಟ್ರಾಂಡರು 1970ರಲ್ಲಿ ಹೊರತಂದ ಗ್ರಂಥವು ಶ್ರಮದ ಶರೀರಶಾಸ್ತ್ರಕ್ಕೆ ಲೋಕದಲ್ಲೆಲ್ಲ ಪಠ್ಯವಾಯಿತು. ವ್ಯಾಯಾಮದ ವಿದ್ಯಾರ್ಥಿಗೆ ಮೂಲವಿಜ್ಞಾನ ಎಟುಕದೆಂಬವರು ಈ ಒಂದು ಹೆಸರಿಗೆ ಉತ್ತರ ಹೇಳಬೇಕಾಗುತ್ತದೆ. ಎಟುಕಿಸುವ ಉಪಾಧ್ಯಾಯರು ಅದೇ ಕಟ್ಟಡದಲ್ಲಿದ್ದರು. ಪ್ರಯೋಗಶಾಲೆಯ ಬಾಗಿಲು ವಿದ್ಯಾರ್ಥಿಯ ದಾರಿಯಲ್ಲಿಯೇ ಇದ್ದಿತು.

ಒಂದು ಶಾಸ್ತ್ರದಲ್ಲಿ ಪಳಗಿದವರು ಇನ್ನೊಂದರ ಮನೆಯಲ್ಲಿ ನೆಲಸುವುದು ಕನ್ನಡ ವಿದ್ವಾಂಸರಿಗೆ ಅಪರಿಚಿತವಾದ ಮಾತಲ್ಲ. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿಕೊಟ್ಟ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದವರು. ಅವರನ್ನು ಹಳಗನ್ನಡದ ಹೊರಗಿನವರೆಂದು ಯಾರೂ ಹೇಳಲಾರರು. ಒಳಗು ಹೊರಗುಗಳನ್ನು ನಿರ್ಣಯಿಸುವುದು ಪದವಿಯ ಹೆಸರಲ್ಲ, ನೆಲಸಿದ ಕಾಲ ಮತ್ತು ಮಾಡಿದ ಕೆಲಸ.

ಇನ್ನು ಬರ್ಕ್ಲಿಯ ವಿಷಯ. ಹೆನ್ರಿಯವರು 1993ರಲ್ಲಿ ತೀರಿಕೊಂಡರು. ಅಷ್ಟರಲ್ಲಿಯೇ ಅವರ ವಿಭಾಗವು ವ್ಯಾಯಾಮಶಿಕ್ಷಣವೆಂಬ ಹೆಸರನ್ನು ಬಿಟ್ಟು ಮಾನವ ಜೀವಬಲಶಾಸ್ತ್ರವೆಂಬರ್ಥದ ಹೊಸ ಹೆಸರನ್ನು ಹೊತ್ತಿದ್ದಿತು. 1997ರಲ್ಲಿ ವಿಭಾಗವೇ ಮುಚ್ಚಿತು. ಬ್ರೂಕ್ಸರು ಜೀವಶಾಸ್ತ್ರದ ವಿಭಾಗವೊಂದನ್ನು ಸೇರಿಕೊಂಡು ತಮ್ಮ ಸಂಶೋಧನೆಯನ್ನು ಮುಂದುವರಿಸಿದರು. ಶಾಸ್ತ್ರವು ಉಳಿಯಿತು, ಶಾಸ್ತ್ರಕ್ಕೆಂದು ಕಟ್ಟಿದ ಮನೆ ಉಳಿಯಲಿಲ್ಲ. ಮುಚ್ಚುವುದಕ್ಕೆ ಹಣಕಾಸು ಮೊದಲಾದ ಬೇರೆ ಬೇರೆ ಒತ್ತಡಗಳಿದ್ದಿರಬಹುದು; ಎಲ್ಲವನ್ನೂ ಒಂದು ಪ್ರಬಂಧದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಪ್ರಬಂಧವನ್ನು ಈಗ ಮತ್ತೊಮ್ಮೆ ಓದಿದರೆ ಅದರ ಬಿರುಕು ಎದ್ದುಕಾಣುತ್ತದೆ. ವೃತ್ತಿಯನ್ನು ಶಾಸ್ತ್ರದಿಂದ ಬೇರ್ಪಡಿಸುವುದಕ್ಕೆ ಹೆನ್ರಿಯವರು ಪಟ್ಟ ಶ್ರಮದಲ್ಲಿ, ವ್ಯಾಯಾಮೋಪಾಧ್ಯಾಯನಾಗಲಿರುವ ವಿದ್ಯಾರ್ಥಿಯು ಅವರ ಕಣ್ಣಿನಿಂದ ಜಾರಿದನು. ಸಂಶೋಧಕನು ಎಲ್ಲಿ ಬೇಕಾದರೂ ಮನೆಮಾಡಬಲ್ಲನು. ಆ ವಿದ್ಯಾರ್ಥಿಗೆ ಮೂಲವಿಜ್ಞಾನವನ್ನು ಕಲಿಸುವುದೇ ತನ್ನ ಕೆಲಸವೆಂದು ಹೇಳಿಕೊಂಡಿದ್ದರೆ ಆ ವಿಭಾಗವನ್ನು ಇತರರಲ್ಲಿ ಹಂಚಿಬಿಡುವುದು ಇಷ್ಟು ಸುಲಭವಾಗುತ್ತಿರಲಿಲ್ಲವೆಂದು ತೋರುತ್ತದೆ.

ಸ್ಟಾಕ್‌ಹೋಮಿನ ಏರ್ಪಾಡು ನಿರ್ದೋಷವೆಂದು ಇದರ ಅರ್ಥವಲ್ಲ. ಒಂದೇ ಪೀಠವನ್ನು ನೆಚ್ಚಿದ ಏರ್ಪಾಡು ಒಬ್ಬ ವ್ಯಕ್ತಿಯನ್ನು ನೆಚ್ಚಿದಂತೆ. ಕ್ರಿಸ್ಟೆನ್ಸನ್ನರಂಥವರು ಎಲ್ಲೆಡೆಯೂ ದೊರೆಯುವುದಿಲ್ಲ. ಭಾರತದಲ್ಲಿ ವ್ಯಾಯಾಮೋಪಾಧ್ಯಾಯರ ಶಿಕ್ಷಣವು 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಅವರು ತೊಡಗಿದ ವೈ.ಎಂ.ಸಿ.ಎ. ಶಾಲೆಯಿಂದ ಮೊದಲ್ಗೊಂಡು ಇಂದು ಬಹಳ ಕಡೆ ಹರಡಿದೆ. ಪ್ರತಿ ಕಾಲೇಜಿನಲ್ಲಿಯೂ ಶರೀರಶಾಸ್ತ್ರದ ಪೀಠವೊಂದಿರಲೆಂದು ಹೇಳುವುದು ಆಸೆಯಾದೀತೇ ಹೊರತು ಯೋಜನೆಯಾಗಲಾರದು.

ಎಲ್ಲ ವಿಜ್ಞಾನಗಳಿಗೂ ಒಂದೇ ಉತ್ತರವಿಲ್ಲವೆಂಬುದನ್ನೂ ಗಮನಿಸಬೇಕು. ಆಮ್ಲ, ಕ್ಷಾರ, ಉತ್ಕರ್ಷಣ ಮುಂತಾದವುಗಳಿಗೆ ಆಟಗಾರರ ರಸಾಯನವೆಂಬ ಬೇರೆ ರೂಪವಿಲ್ಲ. ಅವನ್ನು ರಸಾಯನಶಾಸ್ತ್ರದ ಉಪಾಧ್ಯಾಯರೇ, ಇತರ ವಿಜ್ಞಾನವಿದ್ಯಾರ್ಥಿಗಳೊಡನೆಯೇ ಕಲಿಸುವುದು ಮೇಲು. ಗಣಿತಕ್ಕೂ ಈ ಮಾತು ಸಲ್ಲುತ್ತದೆ. ಅಂಗರಚನೆಯನ್ನು ಶವವಿಲ್ಲದೆ ಕಲಿಯುವುದು ಚಿತ್ರಪಟದಲ್ಲಿ ಈಜು ಕಲಿತಂತೆ. ಶವವಿರುವುದು ವೈದ್ಯಶಾಲೆಯಲ್ಲಿ, ಆದುದರಿಂದ ಅಲ್ಲಿಗೆ ಹೋಗಲೇಬೇಕು. ಆದರೆ ಮೇಜಿನ ಮೇಲೆ ಮಲಗಿರುವ ತೊಡೆಯ ಮಾಂಸಖಂಡದ ಹೆಸರು ಹೇಳಿಬಂದ ವಿದ್ಯಾರ್ಥಿಯನ್ನು ಮಾರನೆಯ ದಿನ ಮೈದಾನಕ್ಕೆ ಕರೆದೊಯ್ದು, ಓಟದಲ್ಲಿ ಅದೇ ಮಾಂಸಖಂಡವು ಎಳೆಯುವುದು ಯಾವಾಗ, ತಡೆಯುವುದು ಯಾವಾಗ ಎಂದು ಕೇಳತಕ್ಕವನು ಬೇರೆಯವನು. ಶರೀರಶಾಸ್ತ್ರ ಮತ್ತು ಬಲವಿಜ್ಞಾನ ಎಂಬ ಎರಡರಲ್ಲಿ ಮಾತ್ರ ಇಬ್ಬರೂ ಒಬ್ಬನೇ ಆಗಿರಬೇಕು. ಆ ಒಬ್ಬನಿಗೆ ಸಂಬಳವನ್ನು ಯಾವ ವಿಭಾಗದಿಂದ ಕೊಡಬೇಕು, ಅವನ ಸಂಶೋಧನೆಯನ್ನು ಯಾರು ತೂಗಿನೋಡಬೇಕು ಎಂಬ ಪ್ರಶ್ನೆಗಳಿಗೆ ಕೋಪನ್‌ಹೇಗನ್ನಿನ 1909ರ ನೇಮಕದಲ್ಲಿರುವಷ್ಟು ಬೆಳಕು ಹೆನ್ರಿಯವರ ಪ್ರಬಂಧದಲ್ಲಿ ಕಾಣದು.